ಟರ್ಬೊದ ಬಾಯಿಗೆ ಸಣಬಿನ ನೂಲು

“ಮುಟ್ಟಬೇಡ! ಕೈ ಬೆನ್ನ ಹಿಂದೆ ಕಟ್ಕಂಡು ನಿಲ್ಲು!”

ಹೊನ್ನಮ್ಮನ ಗದರಿಕೆ ಕೇಳಿದವರು, ಎದುರಿಗಿರುವವನು ನಾಲ್ಕನೇ ಇಯತ್ತೆಯ ಪೋರನಿರಬೇಕು ಅಂದುಕೊಳ್ಳುತ್ತಿದ್ದರು. ಆದರೆ ನಿಂತಿದ್ದವನು ದುರ್ಗ. ಹೊನ್ನಾವರದ ಹೆದ್ದಾರಿ ಬದಿಗೆ ಡೀಸೆಲ್ ಗಾಡಿಗಳ ಗ್ಯಾರೇಜು ಇಟ್ಟವ, ತಲೆ ಅರ್ಧ ನೆರೆತವ. ಅವನದೇ ಗ್ಯಾರೇಜಿನಲ್ಲಿ, ಅವನದೇ ಸ್ಟೂಲಿನ ಮೇಲೆ ಹೊನ್ನಮ್ಮ ಕಾಲಮೇಲೆ ಕಾಲು ಹಾಕಿ ಕೂತಿದ್ದಳು.

ಇಬ್ಬರ ನಡುವೆ ಗೋಣಿಚೀಲದ ಮೇಲೆ ಟರ್ಬೊ ಮಲಗಿತ್ತು. ಎಂಜಿನ್ನಿಗೆ ಗಾಳಿ ಊದಿ ಬಲ ಹೆಚ್ಚಿಸುವ, ಎರಡು ಶಂಖಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸಿದಂಥ ಕಬ್ಬಿಣದ ಗಂಟು. ಮೈತುಂಬ ಎಣ್ಣೆ, ಎಣ್ಣೆಯ ಮೇಲೆ ಮಸಿ. ಬೆಳಿಗ್ಗೆ ದುರ್ಗ ಅದನ್ನು ಟೆಂಪೋದಿಂದ ಬಿಚ್ಚಿ ಇಟ್ಟದ್ದೇ ತಡ, ಹೊನ್ನಮ್ಮ ಅದಕ್ಕೆ ಕಾವಲು ಕೂತುಬಿಟ್ಟಿದ್ದಳು.

ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಮೂರನೆಯವರು ಕುಮಟೆಯ ಸರ್ವೇಯರ್ ವಿಘ್ನೇಶ್ವರ ಹೆಗಡೆ. ಗುದ್ದಿದ ಗಾಡಿ, ಮಗುಚಿದ ಗಾಡಿ, ಸುಟ್ಟ ಗಾಡಿ ಎಲ್ಲವನ್ನೂ ವಿಮೆ ಕಂಪನಿಗಳ ಪರವಾಗಿ ನೋಡಿ ನೋಡಿ ಸವೆದ ಕಣ್ಣು ಅವರದು. ಜಗಳ ಬಂದಾಗ ಟೆಂಪೋ ಮಾಲಕರ ಸಂಘದವರು ಅವರನ್ನೇ ಕರೆಸುತ್ತಿದ್ದರು. ಕಾರಣ ಇಷ್ಟೇ: ಹೆಗಡೇರು ಎರಡೂ ಕಡೆಯವರ ಚಾ ಕುಡಿಯುತ್ತಿದ್ದರು, ಎರಡೂ ಕಡೆಯವರ ಮಾತು ನಂಬುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ, ಹೊಸ ಟರ್ಬೊ ಹಾಕಿಸಿಕೊಂಡ ಮಾರನೆಯ ದಿನವೇ, ಹೊನ್ನಮ್ಮನ ‘ಜಟಕೇಶ್ವರ’ ಟೆಂಪೋ ಶರಾವತಿ ಸೇತುವೆಯ ನಟ್ಟನಡುವೆ ನೀಲಿ ಹೊಗೆ ಕಾರಿ ನಿಂತಿತ್ತು.

ಹೊಗೆ ಎಂದರೆ ಎಂಥ ಹೊಗೆ! ಹಿಂದಿನ ಸೀಟಿನಲ್ಲಿದ್ದ ಮೀನುಬುಟ್ಟಿಯ ಹೆಂಗಸರು ಸೆರಗು ಮೂಗಿಗೊತ್ತಿ ಇಳಿದು ನಡೆದೇ ಹೊನ್ನಾವರ ಸೇರಿದ್ದರು. ಡ್ರೈವರ್ ಬೀರಪ್ಪನಂತೂ, ಶಿರಾಲಿಯಿಂದಲೇ ಸಣ್ಣಗೆ ಶುರುವಾಗಿದ್ದ ಹೊಗೆಯನ್ನು ಕನ್ನಡಿಯಲ್ಲಿ ಕಂಡು, ಹೊಸ ಟರ್ಬೊದ ಪೌರುಷವೇ ಇರಬೇಕೆಂದು ಖುಷಿಯಿಂದ ಇನ್ನಷ್ಟು ಒತ್ತಿದ್ದ.

ಈಗ ಹೊನ್ನಮ್ಮ ಹೇಳುವುದು ಒಂದೇ ಮಾತು: ದುರ್ಗನಿಗೆ ಕೆಲಸ ಬರುವುದಿಲ್ಲ. ಸಂಜೆ ಬಂದರದ ಹತ್ತಿರ ಸಂಘದ ಸಭೆ. ಅಲ್ಲಿ ಹೊನ್ನಮ್ಮನ ಮಾತು ನಿಂತಿತೆಂದರೆ ಭಟ್ಕಳದಿಂದ ಕುಮಟೆಯವರೆಗಿನ ಒಂದೇ ಒಂದು ಟೆಂಪೋ ಇನ್ನು ಈ ಗ್ಯಾರೇಜಿನ ಬಾಗಿಲಿಗೆ ತಿರುಗುವುದಿಲ್ಲ. ಟೆಂಪೋ ಬರದ ಗ್ಯಾರೇಜಿಗೆ ಬೀಗವೇ ಗತಿ.

“ನಾನು ಹಾಕಿದ್ದು ಸಮಾ ಹಾಕಿದ್ದೆ, ಹೆಗಡೇರೇ,” ದುರ್ಗ ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ಹೇಳಿದ. “ಎಣ್ಣೆ ಬರು ಬದಿಗೆ ಟೊಳ್ಳು ಬೋಲ್ಟು, ಮೇಲೊಂದು ಕೆಳಗೊಂದು ಹೊಸಾ ತಾಮ್ರದ ವಾಶರ್. ಎಣ್ಣೆ ಇಳಿದು ಹೋಗು ಬದಿಗೆ ದಪ್ಪ ಪೈಪು, ಎಲ್ಲೂ ಸೊಟ್ಟ ಇಲ್ಲ. ದೇವರಾಣೆಗೂ.”

“ದೇವರ ಹೆಸರು ಎತ್ತಬೇಡ,” ಅಂದಳು ಹೊನ್ನಮ್ಮ. “ಆ ಜಟಕೇಶ್ವರನ ಹೆಸರು ಬರೆಸಿದ ಗಾಡಿಯನ್ನೇ ನೀನು ಕುಲುಮೆ ಮಾಡಿಟ್ಟೆ.”

“ಹೊನ್ನಕ್ಕಾ, ನಾ ಹಾಕಿದ ಮೇಲೆ ಯಾರೋ ಕೈ ಹಾಕಿದ್ದಾರೆ.”

“ಯಾರು? ಆ ಸಂಜಯನ ಟೆಂಪೋದವರಾ? ಅವರಿಗೆ ತಮ್ಮ ಗಾಡಿ ಬಾಗಿಲು ಹಾಕುಕೇ ಬತ್ತಿಲ್ಲ!”

ಸಂಜಯನ ‘ಮಿಂಚು’ ಟೆಂಪೋ ಹೊನ್ನಮ್ಮನ ಟೆಂಪೋಗಿಂತ ತುಸು ಮುಂದೆ ಹೊರಟು, ಸ್ಟಾಪಿನಲ್ಲಿ ನಿಂತ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಿತ್ತು. ಅದನ್ನು ಹಿಂದೆ ಹಾಕಲೆಂದೇ ಅವಳು ಹುಬ್ಬಳ್ಳಿಯಿಂದ ಹೊಸ ಮಾದರಿಯ ಟರ್ಬೊ ತರಿಸಿದ್ದು.

ಹೆಗಡೇರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಮತ್ತೆ ಹಾಕಿದರು. ಮತ್ತೆ ತೆಗೆದರು. ಹೊನ್ನಮ್ಮನ ಪಾದ ನೆಲ ಬಡಿಯತೊಡಗಿತು.

“ಎಂತ ಹೆಗಡೇರೇ, ಹೆಣ್ಣು ನೋಡುಕೆ ಬಂದವರ ಹಾಂಗೆ ಕೂತ್ರಲ್ಲ!”

“ಹೆಣ್ಣಾದರೆ ಹೆಸರು ಕೇಳಬಹುದಿತ್ತು, ಹೊನ್ನಮ್ಮ. ಇದು ತಾನಾಗಿ ಹೇಳುವುದಿಲ್ಲ.”

ಅವರು ಎಣ್ಣೆ ಬರುವ ಬಾಯಿಯ ಸುತ್ತ ಉಗುರಿನಿಂದ ಕೆರೆದರು. ಮಸಿಯ ಕೆಳಗಿನಿಂದ ಬಿಳಿ ಬಣ್ಣ ಎದ್ದುಬಂತು. ಬಣ್ಣದೊಳಗೆ ಕಂದು ನೂಲು. ಒಂದು ಎಳೆ ಹಿಡಿದು ಎಳೆದರು. ಬಾಣಂತಿಯ ತಲೆಗೂದಲಿನ ಹಾಗೆ ಸಲೀಸಾಗಿ ಕಿತ್ತು ಕೈಗೆ ಬಂತು.

“ಸಣಬು,” ಅಂದರು ಹೆಗಡೇರು.

ದುರ್ಗನ ಕೈ ಬೆನ್ನ ಹಿಂದಿನಿಂದ ತಾನೇ ಬಿಚ್ಚಿಕೊಂಡು ಮುಂದೆ ಬಂತು. “ಸಣಬಾ! ಟರ್ಬೊಗೆ! ಅಯ್ಯೋ, ನಾನೆಂತ ನಲ್ಲಿ ರಿಪೇರಿ ಮಾಡುವನಾ? ಎಣ್ಣೆ ತೂತಿಗೆ ಅದರ ಒಂದೆಳೆ ಹೋದ್ರೂ ಒಳಗಿನ ಬೇರಿಂಗು ಸುಟ್ಟು ಬೂದಿ. ಅದಕ್ಕೇ ಅಲ್ದಾ ತಾಮ್ರದ ವಾಶರ್ ಹಾಕುದು?”

“ಕೈ ಹಿಂದೆ!” ಅಂದಳು ಹೊನ್ನಮ್ಮ. ಆದರೆ ಈ ಸಲ ದನಿ ಅಷ್ಟು ಏರಲಿಲ್ಲ.

ಹೆಗಡೇರು ಟರ್ಬೊವನ್ನು ಮಗುಚಿದರು. ಎಣ್ಣೆ ಇಳಿದು ಹೋಗುವ ದೊಡ್ಡ ಬಾಯಿಗೆ ಹಿತ್ತಾಳೆಯದೊಂದು ಗುಂಡನೆಯ ವಸ್ತು ಕಚ್ಚಿಕೊಂಡಿತ್ತು. ಅದಕ್ಕೂ ಸಣಬು, ಅದಕ್ಕೂ ಬಿಳಿ ಬಣ್ಣ. ಬಣ್ಣ ಮಾತ್ರ ಅಲ್ಲಲ್ಲಿ ಒಡೆದು, ನೂಲು ಕೆದರಿತ್ತು. ತಿರುಪಿ ಬಿಚ್ಚಿ, ಒರೆಸಿ, ಒಂದು ಬದಿಯಿಂದ ಊದಿದರು. ಉಸಿರು ದಾಟಿತು. ಇನ್ನೊಂದು ಬದಿಯಿಂದ ಊದಿದರು. ಉಸಿರು ದಾಟಲಿಲ್ಲ. ಎಣ್ಣೆ ಮಾತ್ರ ಹಿಂದಕ್ಕೆ ಚಿಮ್ಮಿ ಮೀಸೆಗೆ ಅಂಟಿತು.

“ಇದು ನೀರೆತ್ತುವ ಪಂಪಿನ ಸಾಮಾನು,” ಎಂದರು ಮೀಸೆ ಒರೆಸಿಕೊಳ್ಳುತ್ತ. “ಫುಟ್‌ವಾಲ್ವಿನ ತಮ್ಮ ಅನ್ನಬಹುದು. ಏರಿದ ನೀರು ಮತ್ತೆ ಕೆಳಗೆ ಇಳಿಯದ ಹಾಗೆ ಹಿಡಿಯುವ ವಾಲ್ವು. ಹೊನ್ನಮ್ಮ, ದುರ್ಗ ಟರ್ಬೊ ಹಾಕಿದ ರಾತ್ರಿ ಟೆಂಪೋ ಎಲ್ಲಿತ್ತು?”

“ಎಲ್ಲಿರ್ತು? ಶಿರಾಲಿಲಿ, ನಮ್ಮನೆ ಅಂಗಳದಲ್ಲಿ.”

“ನಿಮ್ಮ ಬದಿಗೆ ಪಂಪು ರಿಪೇರಿ ಮಾಡುವವರು ಯಾರಿದ್ದಾರೆ?”

ಬೆಳಗಿನಿಂದ ಮೊದಲ ಸಲ ಹೊನ್ನಮ್ಮನ ಬಾಯಿ ಮುಚ್ಚಿತು. ಮುಚ್ಚಿದ ಬಾಯಿ ಕಾಣಲು ದುರ್ಗ ಎರಡು ಹೆಜ್ಜೆ ಮುಂದೆಯೇ ಬಂದ.

“ಚೌಡ,” ಅಂದಳು ಕೊನೆಗೆ, ಯಾರಿಗೂ ಕೇಳಿಸದ ಹಾಗೆ.

“ಯಾವ ಚೌಡ?”

“ನನ್ನ ತಮ್ಮ.”

*

ಶಿರಾಲಿಗೆ ಹೋಗಬೇಕು. ಹೆಗಡೇರ ಸ್ಕೂಟರಿನ ಹಿಂದಿನ ಸೀಟಿಗೆ ಸ್ಪ್ರಿಂಗು ಹೊರಬಂದಿತ್ತು. ಹೊನ್ನಮ್ಮನ ಟೆಂಪೋ ಟರ್ಬೊ ಇಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಆ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿ ಬಂದು ಹಾರ್ನು ಹೊಡೆದದ್ದು ‘ಮಿಂಚು’.

“ಸತ್ತರೂ ಹತ್ತುದಿಲ್ಲ,” ಅಂದಳು ಹೊನ್ನಮ್ಮ.

“ಮುಂದಿನ ಟೆಂಪೋ ಕಾದು, ಹೋಗಿ ಬರುವಷ್ಟರಲ್ಲಿ ಸಭೆ ಶುರುವಾಗುತ್ತದೆ,” ಅಂದರು ಹೆಗಡೇರು.

ಹೊನ್ನಮ್ಮ ಸೆರಗನ್ನು ತಲೆಗೆ ಹೊದ್ದು ಮೂಗಿಗೂ ಸುತ್ತಿಕೊಂಡು ಹತ್ತಿದಳು. ಕಣ್ಣೆರಡು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದರೂ ಕಂಡಕ್ಟರು ಬಾಗಿಲಲ್ಲೇ ಕೂಗಿದ:

“ಹೋಯ್, ಹೊನ್ನಕ್ಕಂಗೆ ಮುಂದೆ ಜಾಗ ಬಿಡ್ರೋ! ಇಲ್ಲಿ ಕೂತ್ಕಣಿ ಅಕ್ಕಾ, ಕಿಟಕಿ ಬದಿಗೆ. ನಮ್ಮ ಗಾಡಿಲಿ ಹೊಗೆ ಇಲ್ಲ!”

ಇಡೀ ಟೆಂಪೋ ಗೊಳ್ಳೆಂದಿತು. ಸೆರಗಿನೊಳಗಿಂದ ಹೊನ್ನಮ್ಮ ಏನೋ ಅಂದಳು. ಅದನ್ನು ಕೇಳಿಸಿಕೊಂಡ ಪಕ್ಕದ ಅಜ್ಜಿ ಕಿವಿ ಮುಚ್ಚಿಕೊಂಡಳು.

ಸೇತುವೆಯಾಚೆಯ ಕಾಸರಕೋಡು ದಾಟುವಾಗ ಹೆಗಡೇರ ಜೇಬಿನಲ್ಲಿ ಮೊಬೈಲು ಕೂಗಿತು. ಆ ವರ್ಷ ಆ ಕಡೆಗೆ ಮೊಬೈಲು ಬಂದಿತ್ತು, ಸಿಗ್ನಲ್ ಇನ್ನೂ ದಾರಿಯಲ್ಲಿತ್ತು. ಕುಮಟೆಯಿಂದ ಹೆಂಡತಿ ಮಹಾಲಕ್ಷ್ಮೀ.

“ಎಲ್ಲಿದ್ರಿ? ಊಟಕ್ಕೆ ಬತ್ರ, ಇಲ್ಯ?”

“ಇಲ್ಲೆ, ಊಟಕ್ಕೆ ಬತ್ನಿಲ್ಲೆ. ಶಿರಾಲಿಗೆ ಹೋಗ್ತಾ ಇದ್ದಿ.”

“ಯಾರ ಸಂತಿಗೆ? ಜೊತಿಗೆ ಯಾರು?”

“ಹೊನ್ನಮ್ಮನ ಸಂತಿಗೆ.”

ಆಮೇಲೆ ಏನೂ ಕೇಳಿಸಲಿಲ್ಲ. ಕಡಿದುಹೋದದ್ದು ಸಿಗ್ನಲ್ಲೋ ಮಹಾಲಕ್ಷ್ಮಿಯ ತಾಳ್ಮೆಯೋ ಎಂಬುದು ಹೆಗಡೇರಿಗೆ ತಿಳಿಯಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿ, ಚೌಡನನ್ನು ಹೇಗೆ ಬಾಯಿ ಬಿಡಿಸುವುದು ಎಂದು ಯೋಚಿಸತೊಡಗಿದರು. ತಪ್ಪು ಮಾಡಿದವನನ್ನು ನೇರ ಕೇಳಬಾರದು. ಮೊದಲು ಪಂಪಿನ ಮಾತು, ಆಮೇಲೆ ಸಣಬಿನ ಮಾತು, ಕೊನೆಗೆ ಫಕ್ಕನೆ ವಾಲ್ವು ತೆಗೆದು ಮುಖದೆದುರು ಹಿಡಿಯುವುದು. ಹೀಗೆ ಮಂಕಿಯಿಂದ ಶಿರಾಲಿಯವರೆಗೆ ಮನಸ್ಸಿನಲ್ಲೇ ಬಲೆ ಹೆಣೆದರು.

ಚೌಡ ಶೇಂಗಾ ಗದ್ದೆಯ ಮೂಲೆಯ ಕೆರೆಯ ಬದಿಗೆ, ಒಂದು ಮುದಿ ಪಂಪಿನ ಎದುರು ಮಂಡಿಯೂರಿದ್ದ. ಮೊಣಕೈವರೆಗೆ ಸಗಣಿ. ಪಂಪಿನ ಕುತ್ತಿಗೆಯಲ್ಲಿ ಗಾಳಿ ಎಳೆಯುವ ಕಡೆಗೆಲ್ಲ ಸಗಣಿ ಮೆತ್ತಿ, ಕೊಡದಿಂದ ನೀರು ಹೊಯ್ದು, ಗುಂಡಿ ಒತ್ತಿದ. ಪಂಪು ಕೆಮ್ಮಿತು, ಉಗುಳಿತು, ಕೊನೆಗೆ ನೀರೆತ್ತಿತು. ಕಾಲುವೆಯಲ್ಲಿ ನೀರು ಓಡಿತು. ಚೌಡ ತಿರುಗಿ ನೋಡಿದ. ಅಕ್ಕನನ್ನು ಕಂಡು ಮುಖ ಅರಳಿತು.

“ಅಕ್ಕಾ! ಟೆಂಪೋ ಒಂದು ಹನಿ ಸೋರ್ತಿಲ್ಲ ಅಲ್ದಾ?”

ಹೆಗಡೇರ ಬಲೆ ಅಲ್ಲೇ ಹರಿಯಿತು.

“ಹಾಂಗಾರೆ ನೀನೇ!” ಹೊನ್ನಮ್ಮ ಸೆರಗು ಕಿತ್ತೆಸೆದಳು. “ನೀನೇ ಅದಕ್ಕೆ ಕೈ ಹಾಕಿದವ!”

“ಮತ್ತೆಂತ, ನೋಡ್ತಾ ಕೂರುದಾ? ಅಂಗಳದಲ್ಲಿ ನಿಂತ ಗಾಡಿ ಕೆಳಗೆ ಎರಡು ಹನಿ ನೀರು ಬಿದ್ದಿತ್ತು. ಪಂಪಿನ ಚೌಡನ ಮನೆ ಅಂಗಳದಲ್ಲಿ ಸೋರು ಗಾಡಿ! ಊರವರು ಕಂಡ್ರೆ ನನ್ನ ಮುಖ ಎಲ್ಲಿಡುದು? ಆ ದುರ್ಗ ನೂಲೂ ಸುತ್ತಲಿಲ್ಲ, ಬಣ್ಣವೂ ಬಳೀಲಿಲ್ಲ. ಬರೀ ತಾಮ್ರದ ಬಿಲ್ಲೆ ಇಟ್ಟು ಬಿಗಿದಿದ್ದ. ಎಲ್ಲಾ ಬಿಚ್ಚಿ ಗಟ್ಟಿ ಮಾಡ್ದೆ.”

“ಹೊಗೆ ಹಾಕಿದ್ದು ಗೊತ್ತಾ ನಿಂಗೆ?”

“ಕೇಳ್ದೆ. ಹೊಗೆ ದುರ್ಗನ ಕೆಲಸ. ಸೋರದ ಹಾಂಗೆ ಮಾಡಿದ್ದು ನಂದು.”

ಹೆಗಡೇರು ಜೇಬಿನಿಂದ ಹಿತ್ತಾಳೆ ವಾಲ್ವು ತೆಗೆದರು. ಮುಖದೆದುರು ಹಿಡಿಯುವ ಅಗತ್ಯವೇ ಬೀಳಲಿಲ್ಲ.

“ಓ, ಅದನ್ಯಾಕೆ ಬಿಚ್ಚಿದ್ರಿ?” ಚೌಡ ನೊಂದುಕೊಂಡ. “ಒಳ್ಳೇ ವಾಲ್ವು ಅದು. ನನ್ನ ಹತ್ರ ಇದ್ದದ್ದೇ ಒಂದು.”

“ಇದನ್ನು ಯಾಕೆ ಹಾಕಿದೆ, ಚೌಡ?”

“ಮೇಲೆ ಏರಿದ ಎಣ್ಣೆ ಕೆಳಗೆ ಇಳಿದು ಹೋಗಬಾರ್ದು ಅಂತ. ಅಷ್ಟು ದೊಡ್ಡ ಪೈಪು ಬಾಯಿ ಬಿಟ್ಕಂಡು ನೇರ ಕೆಳಗೆ ಇಟ್ಟಿದ್ದ! ಏರಿದ್ದೆಲ್ಲಾ ಇಳಿದು ಹೋದ್ರೆ ಬೆಳಿಗ್ಗೆ ಮತ್ತೆ ಮೊದಲಿಂದ ಏರಿಸಬೇಕಲ್ಲ. ಪಂಪಿಗೆ ಫುಟ್‌ವಾಲ್ವು ಇಲ್ಲದೆ ಆಗ್ತದಾ? ನೀವೇ ಹೇಳಿ.”

ಹೆಗಡೇರು ಗದ್ದೆಯ ಬದುವಿನ ಮೇಲೆ ಕೂತರು. ಚೌಡನನ್ನೂ ಕೂರಿಸಿದರು. ಇಂಥದನ್ನು ನಿಂತು ಹೇಳಿದರೆ ತಲೆಗೆ ಇಳಿಯುವುದಿಲ್ಲ ಎಂಬುದು ಅವರ ಅನುಭವ.

“ನೋಡು, ನಿನ್ನ ಪಂಪಿಗೆ ನೀರು ಮೇಲೆಯೇ ನಿಲ್ಲಬೇಕು. ಟರ್ಬೊದ ಸಂಗತಿ ತಿರುಗಾಮುರುಗ. ಸಣ್ಣ ಬಾಯಿಯಿಂದ ಎಣ್ಣೆ ರಭಸದಲ್ಲಿ ಒಳಗೆ ಬರುತ್ತದೆ, ತಿರುಗುವ ದಂಡವನ್ನು ಒಮ್ಮೆ ಮೀಯಿಸುತ್ತದೆ, ದೊಡ್ಡ ಬಾಯಿಯಿಂದ ತನ್ನ ಭಾರಕ್ಕೆ ತಾನೇ ಬಿದ್ದು ಹೋಗಬೇಕು. ಅದಕ್ಕೇ ಆ ಪೈಪು ದಪ್ಪ, ಅದಕ್ಕೇ ನೇರ. ನೀನು ಬೀಳುವ ದಾರಿಗೆ ಬಾಗಿಲು ಜಡಿದೆ. ಮಿಂದ ಎಣ್ಣೆಗೆ ಹೊರಗೆ ಹೋಗಲು ದಾರಿ ಇಲ್ಲ. ಸಂದಿಯಲ್ಲಿ ನುಗ್ಗಿ ಹೊಗೆನಳಿಗೆಗೆ ಹೋಯಿತು. ಅಲ್ಲಿ ಉರಿಯಿತು.”

ಚೌಡ ಪಂಪನ್ನು ನೋಡಿದ. ಕಾಲುವೆಯ ನೀರನ್ನು ನೋಡಿದ. ಅವನ ಮುಖದ ಮೇಲೆ ತಿಳಿವಳಿಕೆ ಮೂಡುವುದು, ಆ ಪಂಪು ನೀರೆತ್ತಿದಷ್ಟೇ ಕಷ್ಟದಿಂದ, ಕೆಮ್ಮುತ್ತ ಉಗುಳುತ್ತ ಆಯಿತು.

“ಹಾಂಗಾರೆ… ಹೊಗೆ ನಂದೇ?”

“ನಿಂದೇ, ಮಾರಾಯ, ನಿಂದೇ!” ಹೊನ್ನಮ್ಮ ಕೂಗಿದಳು. ಕೂಗಿನ ನಡುವೆಯೇ ದನಿ ಕುಸಿಯಿತು. “ಬೆಳಗಿನಿಂದ ಆ ದುರ್ಗನ ಕೈ ಹಿಂದೆ ಕಟ್ಟಿಸಿ ನಿಲ್ಲಿಸಿದ್ನಲ್ಲ ನಾನು. ಅವನ ಸ್ಟೂಲಿನ ಮೇಲೆ ನಾನು ಕೂತು, ಅವನನ್ನ ನಿಲ್ಲಿಸಿ! ಸಂಜೆ ಸಭೆಲಿ ನಾನೇ ಎದ್ದು ಹೇಳ್ತೆ, ಹೆಗಡೇರೇ. ತಪ್ಪು ನಮ್ಮನೆದು, ದುರ್ಗನ ಕೆಲಸಕ್ಕೆ ಹೆಸರಿಡುಕೆ ಇಲ್ಲ ಅಂತ. ಆತಾ?”

“ಆತು,” ಅಂದರು ಹೆಗಡೇರು. ಮನಸ್ಸು ಹಗುರಾಯಿತು. ದುರ್ಗನ ಗ್ಯಾರೇಜು ಉಳಿಯಿತು. ಈಗಲೇ ಹೊರಟರೆ ಕುಮಟೆಯ ಊಟ ತಪ್ಪಿದರೂ ಚಾ ಸಿಗಬಹುದು. ಎದ್ದು ಪಂಚೆ ಕೊಡವಿಕೊಂಡರು.

“ನಾಲ್ಕು ಕಡೆ ಸಣಬು ಸುತ್ತುಕೆ ಇಡೀ ಉಂಡೆ ಖರ್ಚಾತು,” ಚೌಡ ತನ್ನಷ್ಟಕ್ಕೆ ಗೊಣಗಿದ. “ಎಲ್ಲಾ ದಂಡ.”

ಹೆಗಡೇರು ಪಂಚೆ ಕೊಡವುವುದನ್ನು ನಿಲ್ಲಿಸಿದರು.

“ಎಷ್ಟು ಕಡೆ?”

“ನಾಲ್ಕು ಕಡೆ.”

“ಎಣ್ಣೆ ಬರುವಲ್ಲಿ ಒಂದು, ಹೋಗುವಲ್ಲಿ ಒಂದು. ಎರಡಾಯಿತು.”

“ಎಣ್ಣೆದು ಎರಡು. ನೀರಿಂದು ಎರಡು. ರೇಡಿಯೇಟರಿಂದ ನೀರು ಬಂದು, ತಣ್ಣಗೆ ಮಾಡಿ, ಹಿಂದೆ ಹೋಗುದು. ಹನಿ ಬಿದ್ದದ್ದೇ ಆ ನೀರಿನ ಬಾಯಿಂದ ಅಲ್ದಾ? ಅದಕ್ಕೂ ವಾಲ್ವು ಹಾಕುವಾ ಅಂದ್ಕಂಡೆ. ಇದ್ದದ್ದು ಒಂದೇ.”

ಹೆಗಡೇರು ಒಂದು ಕೋಲು ಎತ್ತಿ ಚೌಡನ ಕೈಗೆ ಕೊಟ್ಟರು. “ಬರಿ. ಯಾವ ಬಾಯಿ ಎಲ್ಲಿತ್ತು, ಇಲ್ಲಿ ಕೆಸರಲ್ಲಿ ಬರಿ.”

ಚೌಡ ಬರೆದ. ಶಂಖದ ಹಾಗೆ ಎರಡು ಸುರುಳಿ, ನಡುವೆ ಒಂದು ಡೊಳ್ಳು. ಮೇಲೆ ಒಂದು ತೂತು, ಕೆಳಗೆ ಒಂದು ತೂತು. ಎಡಕ್ಕೊಂದು, ಬಲಕ್ಕೊಂದು. ಅವನ ಕೈಯಲ್ಲಿ ಅನುಮಾನವೇ ಇರಲಿಲ್ಲ. ಬರೆದು ಮುಗಿಸುವಷ್ಟರಲ್ಲಿ ಕಾಲುವೆಯ ನೀರು ನುಗ್ಗಿ ಬಂದು ನಾಲ್ಕೂ ಬಾಯಿಗಳನ್ನು ತುಂಬಿ ಅಳಿಸಿತು.

ಗೋಣಿಚೀಲದ ಮೇಲಿನ ಟರ್ಬೊವನ್ನು ಹೆಗಡೇರು ಬೆಳಿಗ್ಗೆ ಎಲ್ಲ ಬದಿಯಿಂದಲೂ ಮಗುಚಿ ಮಗುಚಿ ನೋಡಿದ್ದರು. ಅದಕ್ಕೆ ಇದ್ದದ್ದು ಎಣ್ಣೆಯ ಎರಡೇ ಬಾಯಿ. ಎಡಬಲದಲ್ಲಿ ತೂತಿನ ಗುರುತೂ ಇರಲಿಲ್ಲ. ಹಳೆಯ ಮಾದರಿಯದು, ಎಣ್ಣೆಯಿಂದಲೇ ತಣಿಯುವಂಥದು. ಅಂದರೆ ಚೌಡ ಸಣಬು ಸುತ್ತಿದ ಹೊಸ ಟರ್ಬೊ ಅದಲ್ಲ! ಹೊಸದರ ವಾಲ್ವು, ಸಣಬುಗಳನ್ನು ಯಾರೋ ಬಿಚ್ಚಿ ಈ ಹಳೆಯದಕ್ಕೆ ತೊಡಿಸಿದ್ದರು; ಬಣ್ಣ ಒಡೆದದ್ದು, ನೂಲು ಕೆದರಿದ್ದು ಅದಕ್ಕೇ.

ನಿನ್ನೆ ಹೊಗೆ ಕಾರಿದ ಟೆಂಪೋವನ್ನು ಎಳೆದು ತಂದು ರಾತ್ರಿಯಿಡೀ ನಿಲ್ಲಿಸಿದ್ದು ದುರ್ಗನ ಗ್ಯಾರೇಜಿನಲ್ಲಿ.

“ಎಂತ ಆತು?” ಅಂದಳು ಹೊನ್ನಮ್ಮ.

“ಏನಿಲ್ಲ. ನಾನು ಮುಂದೆ ಹೋಗಿರುತ್ತೇನೆ. ನೀವು ತಮ್ಮನಿಗೆ ಹೇಳುವುದು ಇನ್ನೂ ಬಾಕಿ ಇರಬಹುದು.”

ಬಾಕಿ ಬಹಳ ಇತ್ತು. ಹೆಗಡೇರು ಹೆದ್ದಾರಿ ಮುಟ್ಟಿದರೂ ಪಂಪಿನ ಸದ್ದಿನ ಮೇಲೆ ಹೊನ್ನಮ್ಮನ ಸದ್ದು ಕೇಳುತ್ತಲೇ ಇತ್ತು.

*

ಗ್ಯಾರೇಜಿನಲ್ಲಿ ದುರ್ಗ ಈಗ ತನ್ನ ಸ್ಟೂಲಿನ ಮೇಲೆ ತಾನೇ ಕೂತು ಚಾ ಕುಡಿಯುತ್ತಿದ್ದ. ಹೆಗಡೇರನ್ನು ಕಂಡು ಎದ್ದ.

“ಚೌಡ ಒಪ್ಪಿಕೊಂಡ,” ಅಂದರು ಹೆಗಡೇರು.

ದುರ್ಗ ಉಸಿರು ಬಿಟ್ಟ. ಬಿಟ್ಟ ಉಸಿರಿಗೆ ಕೈಲಿದ್ದ ಚಾ ತುಳುಕಿತು. “ನಂಗೊತ್ತಿತ್ತು. ಹೊನ್ನಕ್ಕ?”

“ಸಭೆಯಲ್ಲಿ ತಾನೇ ಎದ್ದು ಹೇಳುತ್ತಾಳಂತೆ. ನಿನ್ನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ ಅಂತ.”

“ದೇವರು ದೊಡ್ಡವ! ಕೂತ್ಕಣಿ, ನಿಮಗೂ ಒಂದು ಚಾ ಹೇಳ್ತೆ.”

ಹೆಗಡೇರು ಕೂರಲಿಲ್ಲ. ನಿಧಾನಕ್ಕೆ ನಡೆದು ಟೆಂಪೋದ ತೆರೆದ ಬಾನೆಟ್ಟಿನೊಳಗೆ ತಲೆ ಹಾಕಿದರು. ಟರ್ಬೊ ಇದ್ದ ಜಾಗ ಖಾಲಿ. ಬೆಳಿಗ್ಗೆ ಅಲ್ಲಿ ನೋಡುವ ಗೊಡವೆಗೇ ಅವರು ಹೋಗಿರಲಿಲ್ಲ. ರೇಡಿಯೇಟರ್ ಕಡೆಯಿಂದ ಬಂದ ಎರಡು ಸಣ್ಣ ರಬ್ಬರ್ ಪೈಪುಗಳು ಅಲ್ಲಿದ್ದವು. ಎರಡರ ತುದಿಗಳನ್ನೂ ಒಂದಕ್ಕೊಂದು ಜೋಡಿಸಿ, ನಡುವೆ ಬೆರಳುದ್ದದ ಕಬ್ಬಿಣದ ನಳಿಗೆ ತೂರಿಸಿ, ಎರಡೂ ಕಡೆ ಹೊಸ ಕ್ಲಿಪ್ಪು ಬಿಗಿಯಲಾಗಿತ್ತು. ಒಂದು ಹನಿ ಸೋರಿರಲಿಲ್ಲ. ಸಣಬಿಲ್ಲ, ಬಣ್ಣವಿಲ್ಲ. ಕೆಲಸ ಬಲ್ಲವನ ಕೈ.

“ದುರ್ಗಾ, ಬೆಳಿಗ್ಗೆಯಿಂದ ನೀನು ಎಣ್ಣೆಯ ಬಾಯಿಗಳ ಮಾತು ಮಾತ್ರ ಆಡಿದೆ. ಹೊಸ ಟರ್ಬೊದ ನೀರಿನ ಬಾಯಿ ಎರಡು ಎಲ್ಲಿ ಹೋದವು?”

ಹೆಗಡೇರು ತಲೆ ಹೊರಗೆ ತೆಗೆದರು. ದುರ್ಗ ಚಾ ಲೋಟ ನೆಲಕ್ಕಿಟ್ಟು, ಗೋಣಿಚೀಲದ ಮೇಲಿನ ಕಬ್ಬಿಣವನ್ನೇ ನೋಡುತ್ತಿದ್ದ.

“ಇದು ಹೊನ್ನಮ್ಮನ ಟರ್ಬೊ ಅಲ್ಲ ಎಂಬುದು ಊರಲ್ಲಿ ಎಲ್ಲರಿಗಿಂತ ಮೊದಲು ನಿನಗೆ ಗೊತ್ತಿತ್ತು. ಹೌದೋ ಅಲ್ಲವೋ?”

ರಸ್ತೆಯಲ್ಲಿ ಟೆಂಪೋ ಒಂದು ನಿಂತ ಸದ್ದು. ಸಂಘದವರು ಒಬ್ಬೊಬ್ಬರಾಗಿ ಬಂದರದ ಕಡೆಗೆ ಹೋಗುತ್ತಿದ್ದರು. ಅವರ ನಡುವಿನಿಂದ ಹೊನ್ನಮ್ಮನ ದನಿ: “ಮೊದಲು ದುರ್ಗನ ಹತ್ರ ಒಂದು ಮಾತು ಹೇಳಿ ಬತ್ತೆ, ನೀವು ನಡೀರಿ.”

ದುರ್ಗ ಸೊಂಟದಿಂದ ಗ್ಯಾರೇಜಿನ ಬೀಗದ ಕೈ ಬಿಚ್ಚಿದ. ಹೆಗಡೇರ ಅಂಗೈ ಬಿಡಿಸಿ ಅದನ್ನು ಇಟ್ಟು, ಮೇಲಿನಿಂದ ತನ್ನ ಎರಡೂ ಕೈ ಮುಚ್ಚಿದ.

“ಸಭೆಲಿ ಚೌಡನ ಹೆಸರು ಹೇಳಬೇಡಿ, ಒಡೆಯಾ. ದುರ್ಗನಿಗೆ ಕೆಲಸ ಬತ್ತಿಲ್ಲ, ಹೊಗೆ ಅವನಿಂದಲೇ ಬಂತು ಅಂತ ಹೇಳಿಬಿಡಿ. ನಾ ಒಪ್ತೆ. ಈ ಗ್ಯಾರೇಜು ಹೋಗ್ಲಿ.”

“ಮಾಡದ ತಪ್ಪಿಗೆ ಗ್ಯಾರೇಜು ಬಿಡುತ್ತೀಯಾ? ಯಾಕೆ?”

ಹೊನ್ನಮ್ಮನ ಚಪ್ಪಲಿಯ ಸದ್ದು ಬಾಗಿಲಿಗೆ ಬಂದಿತ್ತು. ದುರ್ಗ ಇನ್ನಷ್ಟು ಹತ್ತಿರ ಬಾಗಿದ.

“ನಾನು ಕೆಟ್ಟ ಮೆಕ್ಯಾನಿಕ್ಕು ಅಂತಾದ್ರೆ ಇವತ್ತಿಗೆ ಎಲ್ಲಾ ಮುಗೀತು. ಅಲ್ಲ ಅಂತಾದ್ರೆ, ಚೌಡನ ಮಾತಿನ ಸಂಗಡ ನೀರಿನ ಬಾಯಿ ಮಾತೂ ಎದ್ದು, ಆ ಟರ್ಬೊ ಎಲ್ಲಿ ಹೋತು ಅಂತ ಕೇಳ್ತಾರೆ. ಅದನ್ನ ಹೊನ್ನಕ್ಕ ಕೇಳಿದ ದಿನ, ತಕಂಡು ಹೋದವರು ಅವಳ ಜೀವ ಉಳಿಸುದಿಲ್ಲ.”